ಬೇವಿನ ಎಲೆ, ಬೆಳ್ಳಿಯ ಕಣ: ಹತ್ತನೆಯ ತರಗತಿಯಲ್ಲಿ ಎರಡು ಅವಧಿಗಳು

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ದೊರೆತದ್ದು ಸರ್ಕಾರಿ ಪ್ರೌಢಶಾಲೆಯೊಂದರ ಹತ್ತನೆಯ ತರಗತಿ. ಕನ್ನಡ ಮಾಧ್ಯಮ, 38 ಮಕ್ಕಳು. ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಘಟಕವನ್ನು ಶಾಲೆಯ ವಿಜ್ಞಾನ ಶಿಕ್ಷಕರು ಆಗಲೇ ಮುಗಿಸಿದ್ದರು. ಅದಕ್ಕೆ ಪೂರಕವಾಗಿ ಒಂದು ಪಾಠ ಮಾಡಿಕೊಳ್ಳಿ ಎಂದು ಎರಡು ಅವಧಿಗಳನ್ನು ಬಿಟ್ಟುಕೊಟ್ಟರು. ನಾನು ಆರಿಸಿಕೊಂಡ ವಿಷಯ, ಸಸ್ಯದ ಎಲೆಯ ಕಷಾಯದಿಂದ ಬೆಳ್ಳಿಯ ನ್ಯಾನೋ ಕಣಗಳನ್ನು ತಯಾರಿಸುವುದು ಮತ್ತು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳ ಎದುರು ಅವುಗಳನ್ನು ಬಳಸುವ ಪ್ರಯತ್ನ.

ಈ ವಿಷಯ ನಮ್ಮಲ್ಲಿ ಹೊಸದಲ್ಲ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದವರೆಲ್ಲ ಇದನ್ನು ನೋಡಿರುತ್ತಾರೆ. ಒಂದು ಬೀಕರಿನಲ್ಲಿ ತಿಳಿ ದ್ರಾವಣ, ಅದಕ್ಕೆ ತುಳಸಿಯದೋ ಬೇವಿನದೋ ಕಷಾಯ, ಸ್ವಲ್ಪ ಹೊತ್ತಿಗೆ ಕಂದು ಬಣ್ಣ. ಪಕ್ಕದ ರಟ್ಟಿನ ಮೇಲೆ ‘ನ್ಯಾನೋ ಕಣಗಳು ಸಿದ್ಧ, ರೋಗಾಣು ನಾಶಕ, ಅಡ್ಡಪರಿಣಾಮವಿಲ್ಲ’ ಎಂಬ ಬರಹ. ಬಣ್ಣ ಬದಲಾದ ಕೂಡಲೇ ಪಾಠ ಮುಗಿಯುತ್ತದೆ. ಆ ಬರಹದಲ್ಲಿ ಮೂರು ಬೇರೆಬೇರೆ ಹೇಳಿಕೆಗಳಿವೆ. ಬಣ್ಣ ಅವುಗಳಲ್ಲಿ ಮೊದಲನೆಯದನ್ನು ಮಾತ್ರ, ಅದೂ ಅರ್ಧ ಮಾತ್ರ, ಸಮರ್ಥಿಸುತ್ತದೆ. ಉಳಿದ ಎರಡಕ್ಕೆ ಬೇರೆ ಪರೀಕ್ಷೆಗಳು ಬೇಕು. ಮಕ್ಕಳು ಆ ಅಂತರವನ್ನು ತಾವೇ ಕಾಣುವಂತೆ ಮಾಡಬೇಕು ಎಂಬುದನ್ನೇ ನನ್ನ ಪಾಠಯೋಜನೆಯ ಮುಖ್ಯ ಉದ್ದೇಶವಾಗಿ ಬರೆದುಕೊಂಡೆ.

ವಿಷಯ ಸಿದ್ಧತೆ

ಪಠ್ಯಪುಸ್ತಕದಲ್ಲಿ ಬೆಳ್ಳಿ ಮಕ್ಕಳಿಗೆ ಆಗಲೇ ಪರಿಚಯವಾಗಿರುತ್ತದೆ. ಬಿಳಿಯ ಸಿಲ್ವರ್ ಕ್ಲೋರೈಡ್ ಬಿಸಿಲಿನಲ್ಲಿ ಬೂದು ಬಣ್ಣಕ್ಕೆ ತಿರುಗುವ ಚಟುವಟಿಕೆಯನ್ನು ಅವರು ಓದಿರುತ್ತಾರೆ. ಅಲ್ಲಿ ಬೆಳಕು ಮಾಡಿದ ಕೆಲಸವನ್ನು ಇಲ್ಲಿ ಎಲೆಯ ಅಣುಗಳು ಮಾಡುತ್ತವೆ. ಸಿಲ್ವರ್ ನೈಟ್ರೇಟನ್ನು ನೀರಿನಲ್ಲಿ ಕರಗಿಸಿದಾಗ ಬೆಳ್ಳಿ ಧನ ಅಯಾನಾಗಿರುತ್ತದೆ. ಎಲೆಯಲ್ಲಿರುವ ಫೀನಾಲಿಕ್ ಸಂಯುಕ್ತಗಳು, ಸಕ್ಕರೆಗಳು, ಟರ್ಪಿನಾಯ್ಡುಗಳಂಥ ಅಣುಗಳು ಅದಕ್ಕೆ ಎಲೆಕ್ಟ್ರಾನು ಕೊಡುತ್ತವೆ. ಅಯಾನು ಪರಮಾಣುವಾಗುತ್ತದೆ, ಪರಮಾಣುಗಳು ಒಟ್ಟುಗೂಡಿ ಕಣವಾಗುತ್ತವೆ. ಇದು ಅಪಕರ್ಷಣ. ಎಲೆಕ್ಟ್ರಾನು ಕೊಟ್ಟ ಎಲೆಯ ಅಣು ಉತ್ಕರ್ಷಣಗೊಳ್ಳುತ್ತದೆ. ನಮ್ಮ ಪುಸ್ತಕದ ಆ ಘಟಕ ಉತ್ಕರ್ಷಣವನ್ನು ಆಮ್ಲಜನಕ ಸೇರುವುದು, ಹೈಡ್ರೋಜನ್ ಕಳೆಯುವುದು ಎಂದು ಹೇಳುವುದರಿಂದ ಎಲೆಕ್ಟ್ರಾನಿನ ಭಾಷೆಗೆ ಬರಲು ಐದು ನಿಮಿಷ ಬೇಕಾಗುತ್ತದೆ. ಲೋಹಗಳ ಘಟಕದಲ್ಲಿ ಬರುವ ಸೋಡಿಯಂ ಮತ್ತು ಕ್ಲೋರಿನ್ ಉದಾಹರಣೆ ಅದಕ್ಕೆ ಸಾಕು.

ಕಣ ಬೆಳೆಯುತ್ತಾ ಹೋಗಿ ತಳಕ್ಕೆ ಕೂರದಂತೆ ತಡೆಯುವುದೂ ಎಲೆಯ ಅಣುಗಳೇ. ಅವು ಕಣದ ಸುತ್ತ ಹೊದಿಕೆಯಾಗಿ ನಿಲ್ಲುತ್ತವೆ. ಚಪಾತಿ ಉಂಡೆಗಳು ಒಂದಕ್ಕೊಂದು ಅಂಟದಿರಲಿ ಎಂದು ಒಣಹಿಟ್ಟು ಹೊರಳಿಸುತ್ತಾರಲ್ಲ, ಹಾಗೆ. ರಾಸಾಯನಿಕ ವಿಧಾನದಲ್ಲಿ ಅಪಕರ್ಷಣಕ್ಕೆ ಸೋಡಿಯಂ ಬೋರೋಹೈಡ್ರೈಡಿನಂಥ ತೀಕ್ಷ್ಣ ವಸ್ತುವನ್ನು ಬಳಸುತ್ತಾರೆ, ಹೊದಿಕೆಗೆ ಇನ್ನೊಂದು ವಸ್ತುವನ್ನು ಸೇರಿಸುವುದೂ ಉಂಟು. ಎಲೆಯ ವಿಧಾನದಲ್ಲಿ ಎರಡೂ ಕೆಲಸ ಒಂದೇ ಪಾತ್ರೆಯಲ್ಲಿ ಆಗುತ್ತವೆ. ಇದನ್ನು ‘ಹಸಿರು ವಿಧಾನ’ ಎನ್ನುವುದು ಇದರಿಂದ. ಹಸಿರು ಎಂಬ ಮಾತು ತಯಾರಿಕೆಗೆ ಸಲ್ಲುತ್ತದೆ. ತಯಾರಾದ ಬೆಳ್ಳಿ ಬೆಳ್ಳಿಯೇ.

ಬೆಳ್ಳಿಯ ಕಲಿಲ ಹಳೆಯ ವಸ್ತು. ಅಮೆರಿಕದ ಕೇರಿ ಲೀ 1889ರಲ್ಲೇ ಅದನ್ನು ತಯಾರಿಸಿದ್ದರು. ಸಸ್ಯಗಳ ಕಡೆಗೆ ಗಮನ ಹರಿದದ್ದು ಬಹಳ ತಡವಾಗಿ. ಆಲ್ಫಾಲ್ಫಾ ಎಂಬ ಮೇವಿನ ಬೆಳೆಯ ಮೊಳಕೆಗಳು ಬೆಳ್ಳಿಯನ್ನು ಹೀರಿಕೊಂಡು ನ್ಯಾನೋ ಕಣಗಳನ್ನು ಕಟ್ಟುತ್ತವೆ ಎಂದು ಅಮೆರಿಕದ ಗಾರ್ಡಿಯಾ ಟೊರೆಸ್ಡೆ ಅವರ ತಂಡ 2003ರಲ್ಲಿ ತೋರಿಸಿತು. ಅದೇ ಹೊತ್ತಿಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಅವರ ತಂಡ ಜೀವಂತ ಗಿಡವನ್ನು ಬಿಟ್ಟು ಎಲೆ ಬೇಯಿಸಿದ ನೀರನ್ನೇ ಬಳಸತೊಡಗಿತು. ಮೊದಲು ಜಿರೇನಿಯಂ ಎಲೆ, 2004ರಲ್ಲಿ ಬೇವಿನ ಎಲೆ. ನಮ್ಮ ಶಾಲೆಗಳಲ್ಲಿ ಇಂದು ಮಾಡುವ ಪ್ರಯೋಗದ ಮೂಲ ಇಲ್ಲಿದೆ. ಶಾಲೆಯ ಆವರಣದಲ್ಲೇ ಬೇವಿನ ಮರ ಇದ್ದುದರಿಂದ ನನ್ನ ಆಯ್ಕೆಯೂ ಸುಲಭವಾಯಿತು.

ದ್ರಾವಣದ ವಿಷಯದಲ್ಲಿ ಒಂದು ವ್ಯಾವಹಾರಿಕ ತೊಡಕಿದೆ. ಬೇಕಾದ ಪ್ರಬಲತೆ ಲೀಟರಿಗೆ 0.17 ಗ್ರಾಂ ಸಿಲ್ವರ್ ನೈಟ್ರೇಟ್, ಅಂದರೆ 100 ಮಿಲಿಲೀಟರಿಗೆ 17 ಮಿಲಿಗ್ರಾಂ. ಶಾಲೆಯ ತಕ್ಕಡಿಯಲ್ಲಿ ಇದನ್ನು ತೂಗಲಾಗದು. ಕಾಲೇಜಿನ ಪ್ರಯೋಗಾಲಯದಲ್ಲಿ 1.7 ಗ್ರಾಮನ್ನು 100 ಮಿಲಿಲೀಟರ್ ಆಸವಿತ ನೀರಿನಲ್ಲಿ ಕರಗಿಸಿ ಕಂದು ಬಾಟಲಿಯಲ್ಲಿ ತುಂಬಿಕೊಂಡು ಹೋದೆ. ಶಾಲೆಯಲ್ಲಿ ಅದರ 1 ಮಿಲಿಲೀಟರನ್ನು ಆಸವಿತ ನೀರಿನಿಂದ 100 ಮಿಲಿಲೀಟರಿಗೆ ಏರಿಸಿದರೆ ಆಯಿತು. ಕೈಗೆ ತಗುಲಿದರೆ ಚರ್ಮ ಕಪ್ಪಾಗಿ ಕೆಲವು ದಿನ ಉಳಿಯುತ್ತದೆ, ಕಣ್ಣಿಗೆ ಅಪಾಯ. ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ನಾನೇ ಸುರಿದೆ. ಎಲೆ ತೊಳೆಯುವುದು, ತೂಗುವುದು, ಕುದಿಸುವುದು, ಸೋಸುವುದು ಮಕ್ಕಳ ಪಾಲು.

ಮೊದಲ ಅವಧಿ

ಬೇವಿನೊಂದಿಗೆ ಬಣ್ಣ ಮೂಡಲು ಕೆಲವು ಗಂಟೆಗಳು ಬೇಕು. 40 ನಿಮಿಷದ ಅವಧಿಯಲ್ಲಿ ಅದು ಮುಗಿಯುವುದಿಲ್ಲ. ಹೀಗಾಗಿ ಬೆಳಗಿನ ಪ್ರಾರ್ಥನೆಗೆ ಮುಂಚೆಯೇ ಆರು ಮಕ್ಕಳ ಗುಂಪೊಂದು ಬಂದು 10 ಗ್ರಾಂ ಎಲೆಯನ್ನು ಹೆಚ್ಚಿ, 100 ಮಿಲಿಲೀಟರ್ ಆಸವಿತ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಸೋಸಿ ಇಟ್ಟಿತು. ಒಂಬತ್ತು ಪಾಲು ಬೆಳ್ಳಿಯ ದ್ರಾವಣಕ್ಕೆ ಒಂದು ಪಾಲು ಕಷಾಯ. ಐದು ಸೀಸೆಗಳು. ‘ಅ’ದಲ್ಲಿ ಕಷಾಯ ಮತ್ತು ಆಸವಿತ ನೀರು ಮಾತ್ರ. ‘ಆ’ದಲ್ಲಿ ಬೆಳ್ಳಿಯ ದ್ರಾವಣ ಮತ್ತು ಆಸವಿತ ನೀರು ಮಾತ್ರ. ‘ಇ’ದಲ್ಲಿ ಎರಡೂ. ‘ಈ’ದಲ್ಲಿಯೂ ಎರಡೂ, ಆದರೆ ಸೀಸೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿತ್ತು. ‘ಉ’ದಲ್ಲಿ ಬೆಳ್ಳಿಯನ್ನು ಶಾಲೆಯ ಕೊಳವೆಬಾವಿ ನೀರಿನಲ್ಲಿ ಬೆರೆಸಿದ್ದೆ.

ನನ್ನ ಅವಧಿ ಬಂದಾಗ ‘ಇ’ ಸೀಸೆ ಗಟ್ಟಿ ಚಹಾದ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಮಕ್ಕಳಿಗೆ ಅದರ ಮೇಲೇ ಕಣ್ಣು. ನಾನು ಅದನ್ನು ಕೈಗೆತ್ತಿಕೊಳ್ಳದೆ, “ಬೆಳ್ಳಿಯೇ ಬಣ್ಣಕ್ಕೆ ಕಾರಣ ಅಂತ ಹೇಗೆ ಹೇಳುತ್ತೀರಿ?” ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಕಷಾಯ ಇಟ್ಟು ಹಳಸಿದ್ರೂ ಕಂದು ಆಗ್ತದಲ್ಲ ಮಿಸ್” ಎಂದ. ಅಂಥ ಆಕ್ಷೇಪವನ್ನೇ ನಾನು ಕಾಯುತ್ತಿದ್ದೆ. “ಹಾಗಾದರೆ ಯಾವ ಸೀಸೆ ನೋಡಬೇಕು?” ಎಂದೊಡನೆ ನಾಲ್ಕೈದು ಮಂದಿ ‘ಅ’ ಎಂದರು. ‘ಅ’ ಬೆಳಗ್ಗೆ ಇದ್ದಂತೆ ತಿಳಿಹಳದಿಯಾಗಿಯೇ ಇತ್ತು. ಬಿಸಿಲು ಬೆಳ್ಳಿಯನ್ನು ಬದಲಿಸುತ್ತದೆ ಎಂದು ಓದಿದ್ದೇವಲ್ಲ ಎಂದು ಇನ್ನೊಬ್ಬಳು ನೆನಪಿಸಿದಳು. ಅದಕ್ಕೆ ಉತ್ತರ ಕಿಟಕಿಯ ಬಳಿಯೇ ಇದ್ದ ‘ಆ’ ಸೀಸೆಯಲ್ಲಿತ್ತು, ಬಣ್ಣವೇ ಇಲ್ಲ. ಹಾಳೆ ಸುತ್ತಿದ್ದ ‘ಈ’ ಸೀಸೆಯನ್ನು ಬಿಚ್ಚಿದಾಗ ಅದೂ ಕಂದಾಗಿತ್ತು, ‘ಇ’ಗಿಂತ ತುಸು ತಿಳಿ. ಹೋಲಿಕೆಯ ಸೀಸೆ ಏಕೆ ಬೇಕು ಎಂಬುದನ್ನು ಕಪ್ಪುಹಲಗೆಯ ಮೇಲೆ ವ್ಯಾಖ್ಯೆಯಾಗಿ ಬರೆಯುವ ಅಗತ್ಯವೇ ಬೀಳಲಿಲ್ಲ.

‘ಉ’ ಸೀಸೆಯಲ್ಲಿ ಬೆಳ್ಳಿ ಬೆರೆಸಿದ ಕ್ಷಣದಲ್ಲೇ ಹಾಲಿನಂಥ ಮಬ್ಬು ಕಾಣಿಸಿಕೊಂಡಿತ್ತು. ಕೊಳವೆಬಾವಿ ನೀರಿನಲ್ಲಿದ್ದ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ಸಿಲ್ವರ್ ಕ್ಲೋರೈಡ್ ಪ್ರಕ್ಷೇಪವಾಗಿತ್ತು. ಪ್ರಯೋಗ ಕೆಟ್ಟಿತೆಂದು ಬಹಳ ಮಂದಿ ಎಸೆದುಬಿಡುವ ಸೀಸೆ ಇದು. ಎರಡನೆಯ ಅವಧಿಗೆ ಇದೇ ನನ್ನ ಮುಖ್ಯ ಬೋಧನೋಪಕರಣವಾಗಲಿತ್ತು. ಮಕ್ಕಳಿಂದ ಸಮೀಕರಣ ಬರೆಸಿ ಪಕ್ಕಕ್ಕಿಟ್ಟೆ.

ಗಾತ್ರದ ಕಲ್ಪನೆಗೆ ಹೆಚ್ಚು ಸಮಯ ಕೊಟ್ಟೆ. ಬೆಳ್ಳಿಯ ಕಣ 20 ನ್ಯಾನೋಮೀಟರ್ ಎಂದುಕೊಳ್ಳೋಣ. ಕರುಳಿನಲ್ಲಿರುವ ಇ ಕೋಲಿ ಬ್ಯಾಕ್ಟೀರಿಯ ಸುಮಾರು 2000 ನ್ಯಾನೋಮೀಟರ್ ಉದ್ದ. ಕಣವನ್ನು ಸಾಸಿವೆ ಕಾಳು ಎಂದುಕೊಂಡರೆ ಬ್ಯಾಕ್ಟೀರಿಯ ಗೇಣುದ್ದದ ಸೌತೆಕಾಯಿ. ನಿಜವಾದ ಸಾಸಿವೆ, ಸೌತೆಕಾಯಿಗಳನ್ನೇ ಮೇಜಿನ ಮೇಲಿಟ್ಟಿದ್ದೆ. ನಂತರ ಲೆಕ್ಕ. ಒಂದು ಸೆಂಟಿಮೀಟರ್ ಬಾಹುವಿನ ಬೆಳ್ಳಿಯ ಘನ ಹತ್ತೂವರೆ ಗ್ರಾಂ ತೂಗುತ್ತದೆ, ಒಂದು ತೊಲಕ್ಕಿಂತ ಸ್ವಲ್ಪ ಕಡಿಮೆ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಬಾಹುವಿನ ಘನಗಳಾಗಿ ಕತ್ತರಿಸುತ್ತಾ ಹೋದರೆ ಒಟ್ಟು ಮೇಲ್ಮೈ ಹತ್ತು ಲಕ್ಷ ಪಟ್ಟು ಹೆಚ್ಚಿ 600 ಚದರ ಮೀಟರ್ ಆಗುತ್ತದೆ. ಶಾಲೆಯ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂಥ ನಾಲ್ಕೂವರೆ ಅಂಕಣ! ಗಣಿತದಲ್ಲಿ ಹಿಂದಿದ್ದ ಇಬ್ಬರು ಹುಡುಗರು ಕಬಡ್ಡಿ ತಂಡದವರಾಗಿದ್ದರು, ಈ ಲೆಕ್ಕವನ್ನು ಬಿಡದೆ ಮಾಡಿ ಮುಗಿಸಿದವರು ಅವರೇ. ಬೆಳ್ಳಿಯ ಅಯಾನು ಬಿಡುಗಡೆಯಾಗುವುದು ಮೇಲ್ಮೈಯಿಂದ. ತೂಕ ಅಷ್ಟೇ ಇದ್ದರೂ ನ್ಯಾನೋ ಬೆಳ್ಳಿ ಹೆಚ್ಚು ಚುರುಕಾಗುವುದಕ್ಕೆ ಕಾರಣ ಇಷ್ಟೇ.

ಬಣ್ಣದ ವಿವರಣೆಯನ್ನು ಚುಟುಕಾಗಿ ಮುಗಿಸಿದೆ. ಇಷ್ಟು ಸಣ್ಣ ಬೆಳ್ಳಿಯ ಕಣದ ಎಲೆಕ್ಟ್ರಾನುಗಳು ನೇರಳೆ ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ, ಉಳಿದದ್ದು ನಮ್ಮ ಕಣ್ಣಿಗೆ ಹಳದಿ, ಕಂದು. ಹೈಸ್ಕೂಲಿಗೆ ಇದಕ್ಕಿಂತ ಹೆಚ್ಚು ಬೇಡ.

ಟಿಂಡಾಲ್ ಪರಿಣಾಮದ ಬಗ್ಗೆ ಮಾತ್ರ ಎಚ್ಚರ ಹೇಳಲೇಬೇಕು. ಟಾರ್ಚಿನ ಸಣ್ಣ ಕಿರಣ ಹಾಯಿಸಿ, ಬೆಳಕಿನ ದಾರಿ ಕಂಡಿತು, ಹಾಗಾಗಿ ನ್ಯಾನೋ ಕಣ ಇದೆ ಎಂದು ತೋರಿಸುವ ರೂಢಿ ಇದೆ. ನಾವು ‘ಅ’ ಸೀಸೆಯ ಮೇಲೂ ಕಿರಣ ಹಾಯಿಸಿದೆವು. ಅಲ್ಲಿಯೂ ದಾರಿ ಕಂಡಿತು. ಎಲೆಯ ಕಷಾಯವೇ ಒಂದು ಕಲಿಲ. ಬೆಳ್ಳಿಯ ಕಣ ಇದೆಯೇ, ಎಷ್ಟು ದೊಡ್ಡದು ಎಂದು ಹೇಳಲು ಬೆಳಕಿನ ಹೀರಿಕೆಯನ್ನು ಅಳೆಯುವ ಯಂತ್ರ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಬಣ್ಣ ಅರ್ಧ ಮಾತ್ರ ಸಮರ್ಥಿಸುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕೇ.

ಮನೆಗೆಲಸ ಹೀಗಿತ್ತು. ಮನೆಯ ಔಷಧಿ ಡಬ್ಬ ತೆರೆದು ನೋಡಿ, ಏನನ್ನೂ ಶಾಲೆಗೆ ತರಬೇಡಿ. ಅರ್ಧ ಉಳಿದ ಮಾತ್ರೆ ಪಟ್ಟಿಗಳಿದ್ದರೆ ಎಷ್ಟು ಉಳಿದಿವೆ, ಪಟ್ಟಿಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದೆಯೇ ಎಂದು ಬರೆದುಕೊಂಡು ಬನ್ನಿ.

ಎರಡನೆಯ ಅವಧಿ

ಬಂದ ಪಟ್ಟಿಗಳು ಪಾಠಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಹೇಳಿದವು. ಹತ್ತರಲ್ಲಿ ಮೂರು ನುಂಗಿ ಏಳು ಉಳಿದವು, ಐದರಲ್ಲಿ ಎರಡು ಉಳಿದವು. “ಜ್ವರ ಬಿಡ್ತು, ಅಪ್ಪ ನಿಲ್ಲಿಸಿದ್ರು”, “ಮುಂದಿನ ಸಲಕ್ಕೆ ಬರ್ತದೆ ಅಂತ ಅಮ್ಮ ಎತ್ತಿಟ್ಟವ್ರೆ.” ಕೆಂಪು ಗೆರೆಯ ಅರ್ಥ ಒಬ್ಬರಿಗೂ ಗೊತ್ತಿರಲಿಲ್ಲ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ ಎಂಬುದರ ಗುರುತು ಅದು. ಕೇಂದ್ರ ಸರ್ಕಾರ 2016ರಲ್ಲಿ ಇದರ ಬಗ್ಗೆ ಪ್ರಚಾರ ಆರಂಭಿಸಿತು. ಕೆಂಪು ಗೆರೆ ಇರುವುದೆಲ್ಲ ಪ್ರತಿಜೈವಿಕವಲ್ಲ, ಆದರೆ ಪ್ರತಿಜೈವಿಕಗಳ ಮೇಲೆ ಆ ಗೆರೆ ಹುಡುಕಬೇಕು. ಕೆಲವು ಪ್ರಬಲ ಪ್ರತಿಜೈವಿಕಗಳನ್ನು 2014ರ ಮಾರ್ಚಿನಿಂದ ಎಚ್ 1 ಎಂಬ ಬೇರೆ ಪಟ್ಟಿಗೆ ಸೇರಿಸಿದ್ದಾರೆ. ಅವನ್ನು ಮಾರುವ ಅಂಗಡಿಯವರು ಯಾರಿಗೆ ಕೊಟ್ಟೆವೆಂದು ದಾಖಲೆ ಇಟ್ಟುಕೊಳ್ಳಬೇಕು.

ನಿರೋಧಕತೆ ಹೇಗೆ ಬೆಳೆಯುತ್ತದೆ ಎಂಬುದನ್ನು ಹುಣಸೆ ಬೀಜದ ಆಟದಿಂದ ತೋರಿಸಿದೆ. ಐವತ್ತು ಬೀಜಗಳಲ್ಲಿ ಎರಡಕ್ಕೆ ಮಾತ್ರ ಸುಣ್ಣದ ಚುಕ್ಕೆ. ಪ್ರತಿ ‘ಗುಳಿಗೆ’ಗೆ ಚುಕ್ಕೆ ಇಲ್ಲದ ಬೀಜಗಳನ್ನು ತೆಗೆಯುವುದು, ಉಳಿದವು ಪ್ರತಿಯೊಂದೂ ಎರಡಾಗುವುದು. ನಾಲ್ಕು ಸುತ್ತಿಗೆ ಬಟ್ಟಲಲ್ಲಿ ಚುಕ್ಕೆಯ ಬೀಜಗಳೇ ತುಂಬಿಕೊಂಡವು. ಔಷಧಿ ಬ್ಯಾಕ್ಟೀರಿಯಕ್ಕೆ ಏನನ್ನೂ ‘ಕಲಿಸುವುದಿಲ್ಲ’, ಮೊದಲೇ ಇದ್ದ ಕೆಲವನ್ನು ಉಳಿಸಿಬಿಡುತ್ತದೆ ಎಂಬುದು ಬೀಜಗಳಿಂದಲೇ ಸ್ಪಷ್ಟವಾಯಿತು. ಮನೆಯಲ್ಲಿ ಉಳಿದ ಮಾತ್ರೆಯ ವಿಷಯಕ್ಕೆ ಬಂದಾಗ ‘ಪಟ್ಟಿಯನ್ನೆಲ್ಲ ನುಂಗಿ ಮುಗಿಸಿ’ ಎಂದು ಹೇಳಲಿಲ್ಲ. ವೈದ್ಯರು ಎಷ್ಟು ದಿನ ಎಂದರೋ ಅಷ್ಟು ದಿನ, ನಿಲ್ಲಿಸುವುದನ್ನೂ ಮತ್ತೆ ಶುರುಮಾಡುವುದನ್ನೂ ನಾವೇ ತೀರ್ಮಾನಿಸಬಾರದು ಎಂದೆ.

ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಕಡಿಮೆ ಪ್ರಮಾಣದಲ್ಲಿ ಔಷಧಿ ತೆಗೆದುಕೊಂಡರೆ ಸೂಕ್ಷ್ಮಜೀವಿಗಳು ಅದಕ್ಕೆ ಬಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದರು. ಮೆಥಿಸಿಲಿನ್ ಬಂದದ್ದು 1959ರಲ್ಲಿ, ಅದಕ್ಕೆ ಬಗ್ಗದ ಸ್ಟೆಫೈಲೋಕಾಕಸ್ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ. ಜಗತ್ತಿನಲ್ಲಿ 2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಗಳಿಂದ ನೇರವಾಗಿ ಸತ್ತವರು ಸುಮಾರು 12 ಲಕ್ಷ 70 ಸಾವಿರ ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಬೆಳ್ಳಿಯ ಕಡೆಗೆ ವಿಜ್ಞಾನಿಗಳು ಮತ್ತೆ ತಿರುಗಿರುವುದು ಇದರಿಂದ. ಬೆಳ್ಳಿ ಒಂದೇ ಗುರಿಗೆ ಹೊಡೆಯುವುದಿಲ್ಲ. ಅದರ ಅಯಾನು ಪ್ರೋಟೀನುಗಳ ಗಂಧಕವಿರುವ ಭಾಗಕ್ಕೆ ಅಂಟಿಕೊಳ್ಳುತ್ತದೆ, ಕೋಶಪೊರೆಯನ್ನು ಕೆಡಿಸುತ್ತದೆ, ಕೋಶದೊಳಗೆ ಹಾನಿಕಾರಕ ಆಮ್ಲಜನಕ ರೂಪಗಳನ್ನು ಹುಟ್ಟಿಸುತ್ತದೆ. “ನಮ್ಮ ಪಾಪುಗೆ ಬೆಳ್ಳಿ ಒಳಲೇಲೇ ಹಾಲು ಹಾಕೋದು ಮಿಸ್” ಎಂದಳು ಒಬ್ಬಳು. ಜರ್ಮನಿಯ ಕ್ರೇಡೆ ಎಂಬ ವೈದ್ಯರು 1880ರ ದಶಕದಲ್ಲಿ ಹಸುಗೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಕುರುಡುತನ ತಡೆದದ್ದನ್ನೂ, ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ 1968ರಿಂದ ಬಳಕೆಗೆ ಬಂದದ್ದನ್ನೂ ಆಗ ಹೇಳಿದೆ.

ಇಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತಳು. “ಮಿಸ್, ನಮ್ಮಜ್ಜಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಎರಡು ತಿಂಗಳಿಂದ ಒಣಗಿಲ್ಲ. ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಡಾಕ್ಟರೇ ಅಂದ್ರು. ಈ ಸೀಸೇದು ಸ್ವಲ್ಪ ಕೊಡ್ತೀರಾ, ಹಚ್ಚಿ ನೋಡ್ತೀವಿ.”

ತರಗತಿ ಸುಮ್ಮನಾಯಿತು. ಆ ಪ್ರಶ್ನೆ ತಪ್ಪಲ್ಲ. ಬೇವು ನಮ್ಮದು, ಬೆಳ್ಳಿ ಒಳ್ಳೆಯದು, ಕಣ ತಯಾರಾದದ್ದು ಅವಳ ಕಣ್ಣೆದುರೇ. ನಾವು ಹೇಳಿದ್ದನ್ನು ನಂಬಿದ ಮಗು ಕೇಳಬೇಕಾದ ಪ್ರಶ್ನೆಯನ್ನೇ ಅವಳು ಕೇಳಿದ್ದಳು. ಬರೀ ‘ಬೇಡಮ್ಮ’ ಎಂದಿದ್ದರೆ ಮರುದಿನ ಮನೆಯಲ್ಲೇ ಯಾರಾದರೂ ಬೇರೇನನ್ನೋ ಹಚ್ಚುತ್ತಿದ್ದರು. “ಕೂತ್ಕೋ ಪುಟ್ಟ, ಇದನ್ನ ಎಲ್ಲರೂ ಸೇರಿ ಯೋಚಿಸೋಣ” ಎಂದು, ಪಾಠಯೋಜನೆಯಲ್ಲಿ ಕೊನೆಗೆ ಇಟ್ಟಿದ್ದ ಚಟುವಟಿಕೆಯನ್ನು ಆಗಲೇ ತೆಗೆದುಕೊಂಡೆ.

ಅದು ರಟ್ಟಿನ ತಟ್ಟೆಗಳ ಮಾದರಿ. ಶಾಲೆಯಲ್ಲಿ ಬ್ಯಾಕ್ಟೀರಿಯ ಬೆಳೆಸಬಾರದು, ಯಾವುದು ಬೆಳೆಯುತ್ತದೆಂದು ಹೇಳಲಾಗದು, ನಾಶಮಾಡುವ ಸೌಕರ್ಯವೂ ಇರುವುದಿಲ್ಲ. ಆದ್ದರಿಂದ ಪ್ರಯೋಗಾಲಯದ ತಟ್ಟೆಯ ಚಿತ್ರವನ್ನು ರಟ್ಟಿನ ಮೇಲೆ ಮಾಡಿದ್ದೆ. ಬ್ಯಾಕ್ಟೀರಿಯ ಹರಡಿದ ಅಗರ್ ತಟ್ಟೆ, ಅದರ ಮೇಲೆ ಔಷಧಿ ಅದ್ದಿದ 6 ಮಿಲಿಮೀಟರಿನ ಕಾಗದದ ಬಿಲ್ಲೆಗಳು, ಸುತ್ತ ಬ್ಯಾಕ್ಟೀರಿಯ ಬೆಳೆಯದ ತಿಳಿ ವೃತ್ತ. ‘ಇವು ಪಾಠಕ್ಕಾಗಿ ಕಟ್ಟಿಕೊಂಡ ಅಂಕಿಗಳು’ ಎಂದು ತಟ್ಟೆಯ ಮೇಲೇ ಬರೆದಿದ್ದೆ. ನೀರು 6, ಬೇವಿನ ಕಷಾಯ 7, ಸಿಲ್ವರ್ ನೈಟ್ರೇಟ್ 13, ನ್ಯಾನೋ ದ್ರಾವಣ 12, ಪ್ರತಿಜೈವಿಕ 22. ಮೊದಲು ನ್ಯಾನೋ ಬಿಲ್ಲೆಯನ್ನು ಮಾತ್ರ ತೋರಿಸಿ ಉಳಿದವನ್ನು ಮುಚ್ಚಿದ್ದೆ. ‘ಕೊಲ್ತದೆ’ ಎಂದು ತೀರ್ಪು ಬಂತು. ಒಂದೊಂದಾಗಿ ತೆರೆದೆ. ಸಿಲ್ವರ್ ನೈಟ್ರೇಟಿನ ವೃತ್ತ ಕಂಡಾಗ, “ಹಾಗಾದ್ರೆ ಕಣ ಮಾಡಿದ್ದರಿಂದ ಏನು ಬಂತು? ಬೆಳ್ಳಿ ಹಾಗೇ ಇದ್ರೂ ಕೊಲ್ತದಲ್ಲ” ಎಂದವನು ಹಿಂದಿನ ದಿನದ ಹಳಸಿದ ಕಷಾಯದ ಹುಡುಗನೇ. ಅಪಕರ್ಷಣವಾಗದೆ ಉಳಿದ ಅಯಾನೇ ಕೆಲಸ ಮಾಡುತ್ತಿರಬಹುದಲ್ಲ ಎಂಬುದು ಅವನ ಅನುಮಾನ. ಈ ಹೋಲಿಕೆಯನ್ನು ಇಡದ ಪ್ರಯೋಗದಿಂದ ಆ ಅನುಮಾನಕ್ಕೆ ಉತ್ತರ ಸಿಗದು. ಜೊತೆಗೆ, ಕಣಗಳು ಅಗರಿನಲ್ಲಿ ಸುಲಭವಾಗಿ ಹರಡುವುದಿಲ್ಲ. ಹಾಗಾಗಿ ವೃತ್ತ ಚಿಕ್ಕದಾದರೆ ಶಕ್ತಿ ಕಡಿಮೆ ಎಂದೂ ಹೇಳಲಾಗದು.

“ತಟ್ಟೆಯಲ್ಲಿ ಬ್ಯಾಕ್ಟೀರಿಯ ಕೊಲ್ಲುವ ಬೇರೆ ವಸ್ತುಗಳ ಹೆಸರು ಹೇಳಿ” ಎಂದೆ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಕುದಿಯುವ ನೀರು ಎಂದು ಪಟ್ಟಿ ಬೆಳೆಯಿತು. “ಅಜ್ಜಿ ಕಾಲಿಗೆ ಕುದಿಯುವ ನೀರು ಹಾಕಲ್ಲ” ಎಂದು ಆ ಹುಡುಗಿಯೇ ಮೆಲ್ಲಗೆ ಹೇಳಿದಳು.

ಅನಂತರ ಎರಡು ಪ್ರನಾಳಗಳನ್ನು ತೆಗೆದುಕೊಂಡೆ. ಒಂದರಲ್ಲಿ ‘ಆ’ ಸೀಸೆಯ ಬೆಳ್ಳಿ, ಇನ್ನೊಂದರಲ್ಲಿ ‘ಇ’ ಸೀಸೆಯ ಕಂದು ದ್ರಾವಣ. ಎರಡಕ್ಕೂ ಒಂದೊಂದು ಚಿಟಿಕೆ ಅಡುಗೆ ಉಪ್ಪಿನ ದ್ರಾವಣ ಬಿತ್ತು. ಮೊದಲನೆಯದರಲ್ಲಿ ದಟ್ಟ ಬಿಳಿ ಮೋಡ, ಹಿಂದಿನ ದಿನದ ‘ಉ’ ಸೀಸೆಯಂತೆಯೇ. ಎರಡನೆಯದರಲ್ಲಿ ಬಿಳಿ ಕಡಿಮೆ, ಆದರೆ ಸ್ವಲ್ಪ ಹೊತ್ತಿಗೆ ಕಂದು ಬಣ್ಣ ಮಂಕಾಗಿ ಕಣಗಳು ಗುಂಪುಗೂಡತೊಡಗಿದವು. “ನಮ್ಮ ಬೆವರು, ರಕ್ತ ಯಾವ ರುಚಿ?” ಎಂದೆ. ಉಪ್ಪು. ಗಾಯದ ರಸದಲ್ಲಿಯೂ ಉಪ್ಪಿದೆ, ಪ್ರೋಟೀನಿದೆ, ಎರಡೂ ಬೆಳ್ಳಿಯನ್ನು ಹಿಡಿದುಕೊಳ್ಳುತ್ತವೆ. ತಟ್ಟೆಯ ಮೇಲೆ ಗೆದ್ದದ್ದು ಗಾಯದಲ್ಲಿ ಗೆಲ್ಲದಿರಬಹುದು ಎಂದು ನಾನು ಹೇಳುವ ಮೊದಲೇ ತರಗತಿ ಹೇಳಿತು.

ಬೆಳ್ಳಿಗೂ ನಿರೋಧಕತೆ ಬರುತ್ತದೆಯೇ ಎಂಬುದನ್ನು ಹುಣಸೆ ಬೀಜದ ಬಟ್ಟಲನ್ನು ಮತ್ತೆ ತೋರಿಸಿ ಊಹಿಸಲು ಬಿಟ್ಟೆ. ಬಹುಪಾಲು ‘ಬರ್ತದೆ’ ಎಂದರು. ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿ ಸಿಲ್ವರ್ ನೈಟ್ರೇಟಿಗೆ ಬಗ್ಗದ ಸಾಲ್ಮೊನೆಲ್ಲ 1975ರಲ್ಲೇ ವರದಿಯಾಗಿತ್ತು. ಬೆಳ್ಳಿಯನ್ನು ಕೋಶದಿಂದ ಹೊರದೂಡುವ ಜೀನುಗಳು ಅದರ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲಿದ್ದವು. ಹಲವು ಪ್ರತಿಜೈವಿಕಗಳಿಗೆ ನಿರೋಧಕತೆ ಕೊಡುವ ಜೀನುಗಳೂ ಅದೇ ಉಂಗುರದಲ್ಲಿದ್ದವು. ಅಂದರೆ ಬೆಳ್ಳಿಯನ್ನು ಎಲ್ಲೆಂದರಲ್ಲಿ ಬಳಸಿದರೆ ಅದರ ಜೊತೆಗೆ ಔಷಧ ನಿರೋಧಕತೆಯೂ ಉಳಿದುಕೊಳ್ಳಬಹುದು. ಈ ಜೀನುಗಳನ್ನು 1999ರಲ್ಲಿ ವಿವರಿಸಿದ ತಂಡದ ವಿಜ್ಞಾನಿಯ ಹೆಸರು ಸೈಮನ್ ಸಿಲ್ವರ್. ಮಕ್ಕಳು ನಕ್ಕರು, ಹೆಸರು ಮರೆಯಲಿಲ್ಲ. ನ್ಯಾನೋ ಕಣಗಳ ಎದುರು ಬ್ಯಾಕ್ಟೀರಿಯ ಹೂಡುವ ಉಪಾಯವೇ ಬೇರೆ ಎಂದು 2018ರಲ್ಲಿ ಚೆಕ್ ಗಣರಾಜ್ಯದ ಸಂಶೋಧಕರು ತೋರಿಸಿದರು. ಅದು ತನ್ನ ಕಶಾಂಗದ ಪ್ರೋಟೀನನ್ನು ಹೊರಬಿಟ್ಟು ಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡಿಬಿಡುತ್ತದೆ. ಮುದ್ದೆಯಾದ ಮೇಲೆ ನಾಲ್ಕೂವರೆ ಕಬಡ್ಡಿ ಅಂಕಣದ ಮೇಲ್ಮೈ ಎಲ್ಲಿ ಉಳಿಯುತ್ತದೆ?

ಆ ಹುಡುಗಿಗೆ ಕೊನೆಗೆ ನೇರವಾಗಿಯೇ ಹೇಳಿದೆ. ಈ ಸೀಸೆಯಲ್ಲಿ ಎಷ್ಟು ಕಣ ಇದೆ, ಎಷ್ಟು ಅಯಾನು ಉಳಿದಿದೆ, ಕಷಾಯದಲ್ಲಿ ಬೇರೆ ಏನೆಲ್ಲ ಬೆಳೆಯುತ್ತಿದೆ ಎಂಬುದು ನನಗೂ ಗೊತ್ತಿಲ್ಲ, ಹಾಗಾಗಿ ಒಂದು ಹನಿಯನ್ನೂ ಕೊಡುವುದಿಲ್ಲ. ಬೆಳ್ಳಿ ಇರುವ ಪಟ್ಟಿ, ಮುಲಾಮುಗಳು ಆಸ್ಪತ್ರೆಯಲ್ಲಿ ಇವೆ, ಬೇಕೇ ಬೇಡವೇ ಎಂದು ಗಾಯ ನೋಡಿದವರು ತೀರ್ಮಾನಿಸುತ್ತಾರೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎರಡು ತಿಂಗಳು ಒಣಗದಿರುವುದು ಕಾಯುವ ವಿಷಯವಲ್ಲ, ಅಪ್ಪನಿಗೆ ಇವತ್ತೇ ಹೇಳಿ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಗಾಯದಿಂದ ಮಾದರಿ ತೆಗೆದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಪರೀಕ್ಷೆ ಮಾಡಬಹುದೇ ಎಂದು ಕೇಳಲಿ. ಆ ಪರೀಕ್ಷೆಯೇ ನಾವು ರಟ್ಟಿನ ಮೇಲೆ ನೋಡಿದ ತಟ್ಟೆ. ಅವಳು ಪರೀಕ್ಷೆಯ ವಿಷಯವನ್ನು ಪುಸ್ತಕದಲ್ಲಿ ಬರೆದುಕೊಂಡಳು. ಅವಧಿ ಮುಗಿದ ಮೇಲೆ ತರಗತಿ ಶಿಕ್ಷಕರಿಗೂ ವಿಷಯ ತಿಳಿಸಿದೆ. ಅವರು ಅಂದೇ ಸಂಜೆ ಅವಳ ತಂದೆಗೆ ಫೋನ್ ಮಾಡಿದರು.

ವೀಕ್ಷಣೆ ಮತ್ತು ಮೌಲ್ಯಮಾಪನ

ವೀಕ್ಷಣೆಗೆ ಕುಳಿತಿದ್ದ ಸಹಪಾಠಿಗಳಲ್ಲಿ ಇಬ್ಬರು ‘ಪಾಠ ರಸಾಯನಶಾಸ್ತ್ರದ ವ್ಯಾಪ್ತಿಯನ್ನು ಮೀರಿದೆ, ಆರೋಗ್ಯ ಶಿಕ್ಷಣವಾಗಿದೆ’ ಎಂದು ವೀಕ್ಷಣಾ ಪತ್ರದಲ್ಲಿ ಬರೆದರು. ಚರ್ಚೆಯಲ್ಲಿ ನಾನು ಇದನ್ನು ಒಪ್ಪಲಿಲ್ಲ. ಉಪ್ಪು ಹಾಕಿದಾಗ ಬಿಳಿ ಪ್ರಕ್ಷೇಪ ಬರುವುದು ರಸಾಯನಶಾಸ್ತ್ರವೇ. ಅದನ್ನು ಗಾಯದವರೆಗೆ ಕೊಂಡೊಯ್ಯದಿದ್ದರೆ ‘ರೋಗಾಣು ನಾಶಕ’ ಎಂಬ ಮಾತನ್ನೂ ಪಾಠದಿಂದ ತೆಗೆಯಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಸರಿಯಲ್ಲ. ಮಾರ್ಗದರ್ಶಕರು ಮಾತ್ರ ಸಮಯದ ಬಗ್ಗೆ ಹೇಳಿದ್ದು ನಿಜ. ಇದಕ್ಕೆ ಮೂರು ಅವಧಿ ಬೇಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟಿದ್ದೆ. ‘ಬೇವಿನಿಂದ ಮಾಡಿದ ಬೆಳ್ಳಿ ನೀರು, ದಿನಾ ಎರಡು ಚಮಚ ಕುಡಿಯಿರಿ, ಸಂಪೂರ್ಣ ನೈಸರ್ಗಿಕ’ ಎಂಬ ಕಲ್ಪಿತ ಜಾಹೀರಾತು. ಮಾರುವವರಿಗೆ ನೀವು ಕೇಳುವ ಪ್ರಶ್ನೆಗಳನ್ನು ಬರೆಯಿರಿ. ಹೆಚ್ಚಿನವರು ಮೂರು ಪ್ರಶ್ನೆ ದಾಟಿದರು. ‘ಬರೀ ಬೇವಿನ ನೀರಿನ ಜೊತೆ ಹೋಲಿಸಿದ್ದೀರಾ?’, ‘ಹೊಟ್ಟೆಯಲ್ಲಿ ಉಪ್ಪು ಸಿಕ್ಕಿದರೆ ಏನಾಗುತ್ತದೆ?’, ‘ಒಳ್ಳೆಯ ಬ್ಯಾಕ್ಟೀರಿಯ ಸಾಯುವುದಿಲ್ಲವೇ?’, ‘ಚಿಗುರೆಲೆಯದೋ ಬಲಿತ ಎಲೆಯದೋ?’ ಕೊನೆಯ ಪ್ರಶ್ನೆ ಬೆಳಗಿನ ಗುಂಪಿನವರದು. ಅವರು ಚಿಗುರಿನ ಕಷಾಯದಿಂದಲೂ ಒಂದು ಸೀಸೆ ಮಾಡಿ ಬಣ್ಣ ಬೇರೆಯಾದದ್ದನ್ನು ನೋಡಿದ್ದರು. ಪ್ರತಿ ಸಲ ಒಂದೇ ಗುಣದ ಕಣ ಬರಬೇಕೆಂಬುದು ಸಸ್ಯ ವಿಧಾನದ ದೊಡ್ಡ ತೊಡಕು, ಮಕ್ಕಳು ಅದನ್ನು ತಾವಾಗಿ ಹಿಡಿದಿದ್ದರು. ಬೆಳ್ಳಿಯನ್ನು ದೀರ್ಘಕಾಲ ಕುಡಿದವರ ಚರ್ಮ ಶಾಶ್ವತವಾಗಿ ನೀಲಿಬೂದು ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಅರ್ಜಿರಿಯ ಎನ್ನುತ್ತಾರೆ ಎಂಬುದನ್ನು ಉತ್ತರ ಪತ್ರಿಕೆ ಹಿಂದಿರುಗಿಸುವಾಗ ತಿಳಿಸಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1999ರಲ್ಲಿ, ಚೀಟಿಯಿಲ್ಲದೆ ಮಾರುವ ಬೆಳ್ಳಿಯ ಕಲಿಲದ ಔಷಧಿಗಳು ಸುರಕ್ಷಿತವೆಂದೂ ಪರಿಣಾಮಕಾರಿಯೆಂದೂ ಒಪ್ಪಲಾಗದು ಎಂದು ನಿಯಮ ಮಾಡಿದೆ.

ಉಳಿದ ದ್ರಾವಣವನ್ನು ಬಚ್ಚಲಿಗೂ ಗಿಡದ ಬುಡಕ್ಕೂ ಸುರಿಯಬಾರದು. ಮಣ್ಣಿನ ಮತ್ತು ನೀರಿನ ಜೀವಿಗಳಿಗೆ ಬೆಳ್ಳಿ ವಿಷ. ಐದೂ ಸೀಸೆಗಳದ್ದನ್ನು ಒಂದೇ ಪ್ಲಾಸ್ಟಿಕ್ ಡಬ್ಬದಲ್ಲಿ ಸೇರಿಸಿ, ಉಪ್ಪು ಹಾಕಿ, ರಾತ್ರಿ ಇಟ್ಟು, ತಳಕ್ಕೆ ಕೂತದ್ದರ ಸಮೇತ ಕಾಲೇಜಿನ ಪ್ರಯೋಗಾಲಯಕ್ಕೆ ಮರಳಿಸಿದೆ. ಮೂಲ ದ್ರಾವಣದ ಕಂದು ಬಾಟಲಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿದೆ. ಎರಡನೆಯ ಕಪಾಟಿನ ಕೆಳಗಿನ ಅಂಕಣದಲ್ಲಿ ತಯಾರಿಸಿದ ದಿನಾಂಕ ಬರೆದು ಇಟ್ಟಿದ್ದೇನೆ. ರಟ್ಟಿನ ತಟ್ಟೆಗಳೂ ಹುಣಸೆ ಬೀಜದ ಡಬ್ಬಿಯೂ ಅಲ್ಲೇ ಇವೆ, ಬೇಕಾದವರು ತೆಗೆದುಕೊಳ್ಳಬಹುದು.